ಖಾನಾಪುರದ ಕಾಡಿಗೆ ಇನ್‌ರೀಚ್ ಒಯ್ಯಬೇಕೋ, ಪಿಎಲ್‌ಬಿ ಒಯ್ಯಬೇಕೋ?

ಮಳೆಗಾಲದಲ್ಲಿ ಒಬ್ಬರೇ ಖಾನಾಪುರದ ಕಾಡು ಸುತ್ತಲು ಈ ಎರಡು ಸಾಧನಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ಇನ್‌ರೀಚ್ ಎಂದರೆ ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಡಬ್ಬಿ; ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಎಂದರೆ ಅಪಾಯದಲ್ಲಿ ಉಪಗ್ರಹಗಳಿಗೆ ನೆರವಿನ ಕರೆಯನ್ನಷ್ಟೇ ಕಳಿಸುವ ಸಾಧನ. ಆರು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಉತ್ತರಕ್ಕೆ ಕಾಯದೆ, ಅಮೆರಿಕದಿಂದ ಬರುತ್ತಿದ್ದ ಅಕ್ಕನ ಮಗನ ಕೈಯಲ್ಲಿ ಇನ್‌ರೀಚ್ ತರಿಸಿಕೊಂಡೆ.

ಆ ಜುಲೈನಲ್ಲಿ ಬೆಳಗಾವಿಯಿಂದ ಬೈಕಿನಲ್ಲಿ ಜಾಂಬೋಟಿಗೆ ಹೊರಟಾಗ ಹೆಂಡತಿ, "ಯಾವ ಊರಿನ ಕಡೆ ಹೋಗ್ತೀರಿ, ಎಷ್ಟೊತ್ತಿಗೆ ಬರ್ತೀರಿ?" ಎಂದು ಕೇಳಿದಳು. ಚೀಲಕ್ಕೆ ಸಿಕ್ಕಿಸಿದ್ದ ಡಬ್ಬಿಯನ್ನು ತಟ್ಟಿ, "ಇದು ಐತಲ್ಲ" ಎಂದೆ. ನಾನು ಮಾಡಿದ ತಪ್ಪು ಅದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದಕ್ಕೂ ಮೊದಲು ಹತ್ತಾರು ಸಲ ಹೋದಾಗ ಜಾಂಬೋಟಿಯ ಚಹಾದಂಗಡಿಯ ಮುಂದೆ ಬೈಕ್ ನಿಲ್ಲಿಸಿ, ಯಾವ ಹಳ್ಳದ ಕಡೆ ಹೋಗುತ್ತೇನೆಂದು ಅಂಗಡಿಯವನಿಗೆ ತಿಳಿಸಿಯೇ ನಡೆಯುತ್ತಿದ್ದೆ. ಡಬ್ಬಿ ಬಂದ ಮೇಲೆ ಅದು ಅನಾವಶ್ಯಕವೆನಿಸಿತು. ಬೈಕನ್ನು ಕಾಡಿನ ಅಂಚಿನ ಪೊದೆಯ ಹಿಂದೆ ನಿಲ್ಲಿಸಿ ಒಳಗೆ ಹೋದೆ.

ಹಳ್ಳ ದಾಟುವಾಗ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಕಣಕಾಲು ಮುರಿಯಿತು. ಎಸ್‌ಒಎಸ್ ಗುಂಡಿ ಒತ್ತಿ ಕಾದರೂ ಉತ್ತರ ಬರಲಿಲ್ಲ. ಬೇಸಿಗೆಯ ನಂತರ ದುಡ್ಡು ಉಳಿಸಲೆಂದು ನಾನೇ ತಿಂಗಳ ಚಂದಾವನ್ನು ನಿಲ್ಲಿಸಿದ್ದೆ; ಚಂದಾ ಚಾಲ್ತಿಯಲ್ಲಿಲ್ಲದಿದ್ದರೆ ಆ ಗುಂಡಿಗೆ ಬೆಲೆಯೇ ಇಲ್ಲ. ಚಾಲ್ತಿಯಲ್ಲಿದ್ದರೂ, ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಇರಿಡಿಯಂ ಉಪಗ್ರಹಗಳನ್ನು ತಲುಪಲು ತೆರೆದ ಆಕಾಶ ಬೇಕು. ನನ್ನ ತಲೆಯ ಮೇಲೆ ಮರಗಳ ಹಂದರವಿತ್ತು. "ಜಾಂಬೋಟಿ ಕಡೆ" ಎಂಬುದಷ್ಟೇ ಗೊತ್ತಿದ್ದ ಮೈದುನ ಪೊಲೀಸರೊಂದಿಗೆ ನಡುರಾತ್ರಿಯವರೆಗೆ ಕಣಕುಂಬಿ ರಸ್ತೆಯಲ್ಲಿ ಹುಡುಕಿದ, ನಾನಿದ್ದುದು ಅದರ ಎದುರು ದಿಕ್ಕಿನಲ್ಲಿ. ಬೆಳಿಗ್ಗೆ ಎಮ್ಮೆ ಅರಸುತ್ತ ಬಂದ ಗವಳಿಯೊಬ್ಬ ನೋಡಿದಾಗ ಕಾಲ್ಚೀಲದ ತುಂಬ ಜಿಗಣೆ, ರಕ್ತ.

ಅದಕ್ಕಿಂತ ಮುಜುಗರದ ಸಂಗತಿ ಆಮೇಲೆ ತಿಳಿಯಿತು. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಇಂತಹ ಸಾಧನವನ್ನು ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. 2024ರ ಡಿಸೆಂಬರಿನಲ್ಲಿ, ನಮ್ಮ ಚೋರ್ಲಾ ಘಾಟ್ ಇಳಿದರೆ ಸಿಗುವ ಗೋವಾದಲ್ಲಿಯೇ, ಇನ್‌ರೀಚ್ ಇಟ್ಟುಕೊಂಡಿದ್ದ ವಿದೇಶಿ ಪ್ರವಾಸಿಯನ್ನು ವಿಮಾನ ನಿಲ್ದಾಣದಲ್ಲಿ ತಡೆದು ಪ್ರಕರಣ ದಾಖಲಿಸಿದರು. ನಾನು ಸಿಕ್ಕಿಬೀಳದಿದ್ದುದು ಅದೃಷ್ಟವಷ್ಟೇ. ಆದ್ದರಿಂದ ಅಳಿಯನ ಕೈಯಲ್ಲಿ ತರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಪಿಎಲ್‌ಬಿಗೆ ಚಂದಾ ಬೇಡ. ಅದು 406 ಮೆಗಾಹರ್ಟ್ಸ್‌ನಲ್ಲಿ ಕನಿಷ್ಠ 24 ಗಂಟೆ ಕೂಗುತ್ತದೆ. ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ಜಾಲದ ಉಪಗ್ರಹಗಳು ಹಿಡಿದ ಆ ಕೂಗು ನಮ್ಮ ದೇಶದಲ್ಲಿ ಬೆಂಗಳೂರಿನಲ್ಲಿರುವ ಇಸ್ರೋ ಕೇಂದ್ರಕ್ಕೆ ಬರುತ್ತದೆ. ವ್ಯವಸ್ಥೆ ಒಳ್ಳೆಯದೇ. ಆದರೆ ಅದನ್ನೂ ನೋಂದಾಯಿಸಬೇಕು, ಕಾನೂನಿನ ಮಾತನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಮೊಬೈಲ್ ಸಿಗ್ನಲ್ ಇರುವ ಹಳ್ಳಿಯಿಂದ ಎರಡು ತಾಸಿನ ದಾರಿಗೆ ಇಷ್ಟೆಲ್ಲ ಬೇಕೇ? ನನ್ನ ಮಟ್ಟಿಗೆ ಬೇಡ, ನಿಮಗೂ ಬೇಡವೆಂದೇ ಹೇಳುತ್ತೇನೆ. ಭೀಮಗಡ ಅಭಯಾರಣ್ಯದೊಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಹೋಗುವ ದಾರಿ, ಬೈಕಿನ ನಂಬರು, ಎಷ್ಟು ಗಂಟೆ ದಾಟಿದರೆ 112ಕ್ಕೆ ಫೋನ್ ಮಾಡಬೇಕೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ.

ನಾನಂತೂ ಈಗ ಬೈಕನ್ನೂ ಅದರ ಕೀಲಿಯನ್ನೂ ಅದೇ ಚಹಾದಂಗಡಿಯಲ್ಲಿ ಬಿಟ್ಟು ಹೋಗುತ್ತೇನೆ. ಸಂಜೆ ಐದಾದರೂ ಕೀಲಿ ಮೊಳೆಯ ಮೇಲೆಯೇ ತೂಗುತ್ತಿದ್ದರೆ ಅವನು ನನ್ನ ಹೆಂಡತಿಗೆ ಫೋನ್ ಮಾಡುತ್ತಾನೆ.