ಕಾಲೇಜಿನ ಬಾಗಿಲು ತೆರೆಯಿತು, ಕಿಟಕಿ?

(ಕೋವಿಡ್‌ನಿಂದ ಮುಚ್ಚಿದ್ದ ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಜುಲೈ 26, 2021ರಿಂದ ನೇರ ತರಗತಿ ಮತ್ತೆ ಶುರುವಾಯಿತು. ಕನಿಷ್ಠ ಒಂದು ಡೋಸ್ ಲಸಿಕೆ ಆದವರಿಗೆ ಮಾತ್ರ ಆಗ ಪ್ರವೇಶವಿತ್ತು. ಈ ಸಲದ ಪ್ರಶ್ನೆಗಳೆಲ್ಲ ಅದರ ಸುತ್ತಲಿನವೇ.)

ಪ್ರಶ್ನೆ: ಕಿಟಕಿ ತೆರೆದರೆ ಇರಚಲು ಹೊಡೆದು ಬೆಂಚು ತೊಯ್ದುಹೋಗುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ತರಗತಿಯಲ್ಲಿ 60 ಮಂದಿ. ಫ್ಯಾನ್ ಹಾಕಿದರೆ ಸಾಲದೇ?
– ಉಪನ್ಯಾಸಕಿ, ಸಾಗರ

ಉತ್ತರ: ಸಾಲದು. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ಕಲಕುತ್ತದೆ, ಹೊಸದನ್ನು ತರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತಲೆಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ. ಅಂದರೆ ಗಂಟೆಗೆ 36 ಘನ ಮೀಟರ್. 60 ಮಂದಿಗೆ 2160. ಒಳಗಾಳಿಯನ್ನು ಹೊರದೂಡುವ ಎಕ್ಸಾಸ್ಟ್ ಫ್ಯಾನಿನ ಲೇಬಲ್ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಎಂಬುದು ಇರುತ್ತದೆ. ಜಾಲರಿ, ಮುಚ್ಚಳ ಹಾಕಿದ ಮೇಲೆ ಅಷ್ಟು ಗಾಳಿ ಹೋಗದು, ಹಾಗಾಗಿ 1400ರ ಎರಡು ಫ್ಯಾನ್ ತನ್ನಿ.

ಎಲ್ಲಿ ಕೂರಿಸುತ್ತೀರಿ ಎಂಬುದರಲ್ಲೇ ಹೆಚ್ಚಿನವರು ಎಡವುವುದು. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಪಶ್ಚಿಮದ ಗೋಡೆಯ ಫ್ಯಾನ್ ಗಾಳಿಗೆದುರಾಗಿ ದೂಡಿ ಸೋಲುತ್ತದೆ, ಮೋಟಾರಿಗೆ ನೀರೂ ಇಳಿಯುತ್ತದೆ. ಪೂರ್ವದ ಗೋಡೆಗೆ, ಎತ್ತರದಲ್ಲಿ ಕೂರಿಸಿ. ಅದರ ಪಕ್ಕದ ಕಿಟಕಿಗಳನ್ನು ಮುಚ್ಚಿ; ಇಲ್ಲವಾದರೆ ಪಕ್ಕದಿಂದಲೇ ಗಾಳಿ ಎಳೆದು ಪಕ್ಕಕ್ಕೇ ಬಿಡುತ್ತದೆ, ಹಿಂದಿನ ಬೆಂಚಿಗೆ ಏನೂ ತಲುಪದು. ಎದುರು ಗೋಡೆಯ ಮೇಲಿನ ವೆಂಟಿಲೇಟರುಗಳಿಗೆ ಹೊರಗಡೆ ತಗಡಿನ ಇಳಿಜಾರು ಹೊಡೆಸಿ ತೆರೆದಿಡಿ. ಬಾಗಿಲೂ ತೆರೆದಿರಲಿ.

ಸರಿಹೋಯಿತೇ ಎಂದು ನೋಡಲು, ನಾವು ಉಸಿರಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಸಾಕು. ಎನ್‌ಡಿಐಆರ್ (ಇನ್‌ಫ್ರಾರೆಡ್ ಕಿರಣದಿಂದ ಅಳೆಯುವ) ಸೆನ್ಸರ್ ಇರುವುದನ್ನೇ ಕೊಳ್ಳಿ. ಮೊದಲು ಅಂಗಳದಲ್ಲಿಡಿ, 400 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 400 ಭಾಗ) ಆಸುಪಾಸು ತೋರಿಸದಿದ್ದರೆ ಅದನ್ನು ನಂಬಬೇಡಿ. ತರಗತಿಯಲ್ಲಿ 800ರೊಳಗಿದ್ದರೆ ಒಳ್ಳೆಯದು, 1000 ದಾಟಿದರೆ ಪಾಠ ನಿಲ್ಲಿಸಿ ಹತ್ತು ನಿಮಿಷ ಎಲ್ಲರೂ ಹೊರಗೆ.

ಪ್ರಶ್ನೆ: ತಿಂಗಳುಗಟ್ಟಲೆ ಮುಚ್ಚಿದ್ದ ಹಾಸ್ಟೆಲಿನ 5000 ಲೀಟರ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
– ವಾರ್ಡನ್, ತೀರ್ಥಹಳ್ಳಿ

ಉತ್ತರ: ಮೊದಲು ಬರಿದು ಮಾಡಿ ತಳದ ಕೆಸರು ಉಜ್ಜಿ ತೆಗೆಯಿರಿ. ಕೆಸರಿದ್ದರೆ ಕ್ಲೋರಿನ್ನೆಲ್ಲ ಅದಕ್ಕೇ ಖರ್ಚಾಗುತ್ತದೆ. ಮತ್ತೆ ತುಂಬಿಸಿ, ಲೀಟರಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ 250 ಗ್ರಾಂ ಕ್ಲೋರಿನ್ ಬೇಕು; ಶೇ. 30ರ ಪೌಡರಾದರೆ ಸುಮಾರು 830 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಗಷ್ಟು ಹೋದರೆ ಪೈಪು ಕಟ್ಟುತ್ತದೆ. ಒಂದೊಂದೇ ನಲ್ಲಿ ತೆರೆದು ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ ಮುಚ್ಚಿ, ಇಡೀ ದಿನ ಬಿಡಿ. ಅಷ್ಟು ಹೊತ್ತು ನಲ್ಲಿಗಳಿಗೆ 'ಬಳಸಬೇಡಿ' ಚೀಟಿ ಇರಲಿ. ಆಮೇಲೆ ಖಾಲಿ ಮಾಡಿ ತೊಳೆಯಿರಿ. ಆ ನೀರು ಬಾವಿಗೋ ತೋಟಕ್ಕೋ ಹೋಗಕೂಡದು. ಕುಡಿಯುವ ನೀರಿನಲ್ಲಿ ಕ್ಲೋರೋಸ್ಕೋಪ್ (ಉಳಿದ ಕ್ಲೋರಿನ್ ಅಳೆಯುವ ಸಾಧನ) ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ತೋರಿಸಬೇಕು.

ಮಲೆನಾಡಿನ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟುಕಟ್ಟಿ ವಾಸನೆ ಹೋಗಿದ್ದರೆ ಅದು ಬರೀ ಸುಣ್ಣ. ಬ್ಲೀಚಿಂಗ್ ಹಾಕಿದ ಜಾಗಕ್ಕೆ ಆಸಿಡ್ ಎಂದೂ ಸುರಿಯಬೇಡಿ, ವಿಷಾನಿಲ ಏಳುತ್ತದೆ.

ಸೋಲಾರ್, ಗೀಸರ್ ಇದ್ದರೆ 60 ಡಿಗ್ರಿಗೆ ಕಾಯಿಸಿ ಶವರುಗಳಲ್ಲಿ ಹರಿಸಿಬಿಡಿ, ಆವಿಯ ಎದುರು ನಿಲ್ಲಬೇಡಿ. ನಿಂತ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕಿಳಿಯುವುದು ತುಂತುರಿನ ಮೂಲಕ. ಒಲೆ ಹಂಡೆಯವರಿಗೆ ಈ ತಾಪತ್ರಯವಿಲ್ಲ.

ಪ್ರಶ್ನೆ: ಗೇಟಿನಲ್ಲಿ ಔಷಧ ಸಿಂಪಡಿಸುವ ಸುರಂಗ, ಹಣೆಗೆ ಥರ್ಮಾಮೀಟರ್ ಮುಂದುವರಿಸಬೇಕೇ?
– ಕಚೇರಿ ಸಿಬ್ಬಂದಿ, ಹೊಸನಗರ

ಉತ್ತರ: ಸುರಂಗ ಕಳಚಿಡಿ. ಮನುಷ್ಯರ ಮೇಲೆ ಸೋಂಕುನಾಶಕ ಸಿಂಪಡಿಸಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 2020ರಲ್ಲೇ ಹೇಳಿದೆ. ಮಳೆಯಲ್ಲಿ ನೆನೆದ ಹಣೆ ಥರ್ಮಾಮೀಟರಿಗೆ ತಣ್ಣಗೇ ಕಾಣುತ್ತದೆ. ಒರೆಸಿಕೊಂಡು ಹತ್ತು ನಿಮಿಷ ಒಳಗೆ ನಿಂತ ಮೇಲೆ ನೋಡಿ. ಸುರಂಗಕ್ಕೆ ಸುರಿಯುವ ದುಡ್ಡಿಗೆ ಎಕ್ಸಾಸ್ಟ್ ಫ್ಯಾನ್ ಬರುತ್ತದೆ.

ಪ್ರಶ್ನೆ: ಜೂನ್ ಕೊನೆಗೆ ಕೋವಿಶೀಲ್ಡ್ ಮೊದಲ ಡೋಸ್ ಆಗಿದೆ. ಮೆಸ್ಸಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಬಹುದೇ? ಜ್ವರ ಬಂದರೆ?
– ಬಿಎಸ್ಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಈಗಲೇ ಬೇಡ. ಎರಡನೇ ಡೋಸಿಗೆ (2021ರ ಆಗಿನ ನಿಯಮದಂತೆ) 12ರಿಂದ 16 ವಾರ ಅಂತರ, ಅದಾಗಿ ಎರಡು ವಾರ ಕಳೆದ ಮೇಲೆ ಪೂರ್ಣ ರಕ್ಷಣೆ ಎಂದು ಲೆಕ್ಕ. ಮಾಸ್ಕ್ ತೆಗೆಯಲೇಬೇಕಾದ ಜಾಗ ಮೆಸ್ಸು, ಹಾಗಾಗಿ ಮೂರು ಪಂಕ್ತಿ ಮಾಡಿ; ಮಾತೆಲ್ಲ ಕೈತೊಳೆದು ಜಗಲಿಗೆ ಬಂದ ಮೇಲೆ.

ಜ್ವರ ಬಂದವರ ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ಎಂದು ಕೈಬಿಡಬೇಡಿ, ಆರ್‌ಟಿಪಿಸಿಆರ್ ಮಾಡಿಸಿ, ಫಲಿತಾಂಶದವರೆಗೆ ಬೇರೆ ಕೋಣೆ. ಅದೂ ನೆಗೆಟಿವ್ ಬಂದರೆ ಡೆಂಗಿ, ಇಲಿಜ್ವರದ ಪರೀಕ್ಷೆ ಕೇಳಿ. ಇಲಿಜ್ವರ ಗದ್ದೆಯ ನೀರಿನಿಂದಲೂ ತಗಲುತ್ತದೆ, ಹಾಗಾಗಿ ವಾರದ ರಜೆಗೆ ಊರಿಗೆ ಹೋಗಿ ಗದ್ದೆಗಿಳಿದು ನಾಟಿ ಮಾಡಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.