ಗುಟ್ಟಾಗಿ ಮಾತ್ರೆ ಬೆರೆಸಬೇಡಿ

ಅಣ್ಣನಿಗೆ ತಿಳಿಯದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಂಥ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಮ್. ಅದರ ಮೇಲೆ ಒಂದು ಪೆಗ್ ಹಾಕಿದರೂ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಬಿಪಿ ಕುಸಿದರೆ ಜೀವಕ್ಕೇ ಅಪಾಯ. ಅದು ಕುಡಿಯುವವರೇ ಒಪ್ಪಿ, ಡಾಕ್ಟರ್ ಹೇಳಿದಂತೆ ತೆಗೆದುಕೊಳ್ಳಬೇಕಾದ ಔಷಧಿ.

ಬೆಳಿಗ್ಗೆ ಟೀ ಲೋಟ ಹಿಡಿದರೆ ಅಣ್ಣನ ಕೈ ನಡುಗುತ್ತದೆ ಅಂದಿರಿ ಅಲ್ವಾ, ನನಗೆ ಜಾಸ್ತಿ ಆತಂಕ ಅದರದ್ದೇ. ಅಂಥವರು ಮನೆಯಲ್ಲೇ ಒಮ್ಮೆಗೇ ಕುಡಿತ ನಿಲ್ಲಿಸಿದರೆ ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. ಕೋಣೆಯಲ್ಲಿ ಕೂಡಿ ಹಾಕುವುದಂತೂ ಬೇಡವೇ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಅಣ್ಣ ಬರಲ್ಲ ಅಂದರೆ ನೀವೇ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.