‘ಸುಮ್ಮನೆ ಕೂತರೆ ಭಯ ಆಗುತ್ತೆ’: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಕಚೇರಿಯಲ್ಲಿ ಜವಾಬ್ದಾರಿಯ ಹುದ್ದೆ. ಮನೆಯಲ್ಲಿ ಓದುವ ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಚರ್ಚ್ ಸಭೆಯಲ್ಲಿ ಸಂಡೆ ಸ್ಕೂಲ್, ಕ್ವಾಯರ್ (ಹಾಡುವ ತಂಡ), ವಾರದ ಪ್ರಾರ್ಥನಾ ಕೂಟ, ಕಾಯಿಲೆಯಾದವರ ಭೇಟಿ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವರ ಫೋನ್ ಹಲವು ಸಲ ಮಿನುಗಿತ್ತು. ಪ್ರತಿ ಸಲವೂ ಕಣ್ಣು ಅತ್ತ ಹೋಗುತ್ತಿತ್ತು.

ಅವರು ಬಂದಿದ್ದು ಒಂದು ಪ್ರಶ್ನೆ ಇಟ್ಟುಕೊಂಡು. “ದೇವರ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರೋಕೆ ಆಗ್ತಿಲ್ಲ. ಕಣ್ಣು ಮುಚ್ಚಿದರೆ ನಾಳೆಯ ಕೆಲಸಗಳು ಓಡೋಕೆ ಶುರುವಾಗುತ್ತವೆ. ನನ್ನ ವಿಶ್ವಾಸವೇ ತಣ್ಣಗಾಗಿದೆಯಾ?”

ಏನೇನು ಮಾಡಿ ನೋಡಿದ್ದೀರಿ ಅಂತ ಕೇಳಿದೆ. ನಸುಕಿಗೆ ಇನ್ನೂ ಒಂದು ಗಂಟೆ ಮೊದಲು ಏಳುವುದು, ವರ್ಷದಲ್ಲಿ ಇಡೀ ಸತ್ಯವೇದ (ಬೈಬಲ್) ಓದುವ ಯೋಜನೆ, ಉಪವಾಸ, ಧ್ಯಾನದ ಆ್ಯಪ್. ಒಂದೊಂದೂ ಕೆಲವು ದಿನ ನಡೆದು ನಿಂತಿತ್ತು. ಪ್ರತಿ ಸಲ ನಿಂತಾಗಲೂ ತಪ್ಪಿತಸ್ಥ ಭಾವನೆ ಜಾಸ್ತಿಯಾಗಿತ್ತು. ಸಭೆಯ ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿದ್ದರಂತೆ: “ಮಾರ್ಥಳ ಹಾಗೆ ಆಗಬೇಡಮ್ಮ, ಮರಿಯಳ ಹಾಗೆ ಇರು.” ಸತ್ಯವೇದದಲ್ಲಿ ಇವರು ಅಕ್ಕತಂಗಿಯರು: ಯೇಸು ಮನೆಗೆ ಬಂದಾಗ ಮಾರ್ಥ ಉಪಚಾರದ ಕೆಲಸದಲ್ಲಿ ಮುಳುಗಿದಳು, ಮರಿಯ ಆತನ ಪಾದದ ಬಳಿ ಕೂತು ಮಾತು ಕೇಳಿದಳು. ಹಿರಿಯರ ಆ ಮಾತು ಅವರಿಗೆ ಚುಚ್ಚಿತ್ತು. “ನಾನು ಮಾರ್ಥಳೇ. ಅದು ನನಗೂ ಗೊತ್ತು. ಮರಿಯ ಆಗೋದು ಹೇಗೆ ಅಂತ ಯಾರೂ ಹೇಳಲ್ಲ” ಅಂದರು.

ಮೊದಲ ಭೇಟಿಯಲ್ಲಿ ನಾವು ಪ್ರಾರ್ಥನೆಯ ಬಗ್ಗೆ ಮಾತಾಡಿದ್ದು ಕಡಿಮೆ, ನಿದ್ದೆಯ ಬಗ್ಗೆ ಜಾಸ್ತಿ. ರಾತ್ರಿ ಐದು ಗಂಟೆಯೂ ನಿದ್ದೆ ಇರಲಿಲ್ಲ. ಅದರಲ್ಲೇ ಒಂದು ಗಂಟೆ ಕತ್ತರಿಸಿ ಪ್ರಾರ್ಥನೆಗೆ ಕೊಡಲು ಒದ್ದಾಡುತ್ತಿದ್ದರು. ಸದ್ಯಕ್ಕೆ ಬೇಗ ಏಳುವುದನ್ನು ನಿಲ್ಲಿಸಿ ಅಂದೆ. ಆಪ್ತಸಲಹೆಗಾರರು, ಅದರಲ್ಲೂ ವಿಶ್ವಾಸಿಯಾದವರು, ಹೀಗೆ ಹೇಳಬಹುದು ಅಂತ ಅವರು ಅಂದುಕೊಂಡಿರಲಿಲ್ಲ. ಆಗ ಇಬ್ಬರೂ ಸೇರಿ ಸತ್ಯವೇದದ ಎಲೀಯನ ಕಥೆ ಓದಿದೆವು. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಈ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ನನಗೆ ಸಾವು ಬರಲಿ ಅಂತ ಬೇಡುತ್ತಾನೆ. ದೇವದೂತ ಬಂದು ಬೋಧನೆ ಮಾಡುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಮತ್ತೊಮ್ಮೆ ಅದೇ ಆಗುತ್ತದೆ. ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿ ಎಲ್ಲ ಕಳೆದ ಮೇಲೆ ದೇವರ ಮೆಲ್ಲನೆಯ ಸ್ವರ ಕೇಳಿದ್ದು ಇದೆಲ್ಲ ಆದ ಎಷ್ಟೋ ದಿನಗಳ ನಂತರ. ದಣಿದ ದೇಹವನ್ನು ದೇವರು ಮೊದಲು ನೋಡಿಕೊಂಡ.

ವೈದ್ಯರ ಹತ್ತಿರವೂ ಕಳಿಸಿದೆ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಹೀಗೇ ಸುಸ್ತಾಗುತ್ತದೆ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಖಿನ್ನತೆಯ ಲಕ್ಷಣಗಳನ್ನೂ ಕೇಳಿ ತಿಳಿದುಕೊಂಡೆ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲದೆ ಮನಸ್ಸು ಕುಗ್ಗಿದ್ದರೆ, ಸಾಯಬೇಕು ಅನಿಸುತ್ತಿದ್ದರೆ, ಮನೋವೈದ್ಯರನ್ನು ಕಾಣಲೇಬೇಕು. ಪ್ರಾರ್ಥನೆ ಮಾಡುವವರು ಮಾತ್ರೆ ತಗೊಂಡರೆ ವಿಶ್ವಾಸ ಕಡಿಮೆ ಅನ್ನುವ ಮಾತನ್ನು ದಯವಿಟ್ಟು ಯಾರೂ ಹೇಳಬೇಡಿ. ಆ ಮಾತಿನಿಂದ ನೊಂದವರನ್ನು ನಾನು ನೋಡಿದ್ದೇನೆ. ಇವರಿಗೆ ಆ ಹಂತದ ತೊಂದರೆ ಇರಲಿಲ್ಲ.

ಮುಂದಿನ ಭೇಟಿಗೆ ಬಂದಾಗ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಆದರೆ ಸುಮ್ಮನೆ ಕೂರುವುದು ಇನ್ನೂ ಆಗುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿದೆ. “ಕೆಲಸಗಳ ಪಟ್ಟಿ ಓಡುತ್ತೆ ಅಂದಿರಿ. ಓಡಲಿ ಬಿಡಿ. ಅದು ಮುಗಿದ ಮೇಲೆ ಏನು ಬರುತ್ತೆ?”

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಭಯ. ಅಲ್ಲಿಯವರೆಗೆ ನಾನು ಕೂರೋದೇ ಇಲ್ಲ. ಎದ್ದುಬಿಡ್ತೀನಿ.”

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋದ ಕ್ರೈಸ್ತ ಸನ್ಯಾಸಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಊರಿನ ಗದ್ದಲ ಬಿಟ್ಟು ಬಂದವರ ಮನಸ್ಸಿನಲ್ಲಿ ಎಂತೆಂಥ ಆಲೋಚನೆಗಳು ಏಳುತ್ತವೆ ಅಂತ ಅವರಲ್ಲೊಬ್ಬರಾದ ಇವಾಗ್ರಿಯಸ್ ವಿವರವಾಗಿ ಬರೆದಿಟ್ಟಿದ್ದಾರೆ. ಹೊರಗಿನ ಸದ್ದು ನಿಂತಾಗ ಒಳಗಿನದು ಕೇಳಿಸುತ್ತದೆ. ನಮ್ಮಲ್ಲಿ ಅನೇಕರು ಬಿಡುವಿಲ್ಲದೆ ಓಡುವುದು ಸಮಯ ಇಲ್ಲ ಅಂತಲ್ಲ, ಅದನ್ನು ಕೇಳಿಸಿಕೊಳ್ಳಲು ಧೈರ್ಯ ಇಲ್ಲ ಅಂತ. ಇದನ್ನು ಆರೋಪವಾಗಿ ಹೇಳುತ್ತಿಲ್ಲ. ಒಬ್ಬರೇ ಕೇಳಿಸಿಕೊಳ್ಳುವುದು ನಿಜಕ್ಕೂ ಕಷ್ಟ.

ಆಕೆಯ ಒಳಗಿದ್ದದ್ದು ತಂದೆಯ ಸಾವು. ಕೆಲವು ವರ್ಷಗಳ ಹಿಂದಿನದು. ಆಸ್ಪತ್ರೆಯಿಂದ ಕರೆ ಬಂದಾಗ ಇವರು ಮೀಟಿಂಗ್‌ನಲ್ಲಿದ್ದರು, ಫೋನ್ ಸೈಲೆಂಟ್‌ನಲ್ಲಿತ್ತು. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂತ್ಯಕ್ರಿಯೆಯ ವ್ಯವಸ್ಥೆಯನ್ನೆಲ್ಲ ಇವರೇ ನೋಡಿಕೊಂಡರು. ಅಳಲಿಲ್ಲ. ಕ್ವಾಯರ್, ಸಂಡೆ ಸ್ಕೂಲ್, ಆಸ್ಪತ್ರೆ ಭೇಟಿ ಎಲ್ಲ ಒಪ್ಪಿಕೊಂಡಿದ್ದು ಅದಾದ ಮೇಲೆ. ಒಂದು ಕಡೆ ಇರಬೇಕಾದಾಗ ಇರಲಿಲ್ಲ ಅಂತ, ಆಮೇಲೆ ಎಲ್ಲ ಕಡೆಯೂ ಇರಲು ಹೊರಟಿದ್ದರು. ಫೋನ್ ಮಿನುಗಿದಾಗೆಲ್ಲ ಕಣ್ಣು ಹೋಗುತ್ತಿದ್ದುದಕ್ಕೂ ಇದೇ ಕಾರಣ. ಇದನ್ನು ಕಂಡುಕೊಂಡಿದ್ದು ಅವರೇ. ನಾನು ಸುಮ್ನೆ ಕೂತಿದ್ದೆ.

ಆಗ ಮತ್ತೆ ಮಾರ್ಥಳ ವಿಷಯ ಬಂತು. ನಾವೆಲ್ಲ ಲೂಕನ ಸುವಾರ್ತೆಯ ಮಾರ್ಥಳನ್ನೇ ನೆನೆಯುತ್ತೇವೆ. ಅಡುಗೆ ಕೆಲಸದಲ್ಲಿ ಬೇಸತ್ತು, ತಂಗಿಯ ಮೇಲೆ ದೂರು ಹೇಳಿ, ಯೇಸು ಸ್ವಾಮಿಯಿಂದ ತಿದ್ದಿಸಿಕೊಂಡವಳು. ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲೂ ಅವಳಿದ್ದಾಳೆ. ಅಲ್ಲಿ ಅವಳ ತಮ್ಮ ಲಾಜರ ಸತ್ತಿದ್ದಾನೆ, ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿದೆ. ಯೇಸು ಬರುತ್ತಿರುವ ಸುದ್ದಿ ಬಂದಾಗ ಮರಿಯ ಮನೆಯಲ್ಲೇ ಕೂತಿರುತ್ತಾಳೆ. ಎದ್ದು ಊರ ಹೊರಗೆ ಹೋಗುವವಳು ಮಾರ್ಥ. ಹೋಗಿ ಎದುರಿಗೇ ಹೇಳುತ್ತಾಳೆ: ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಯೇಸು ಅವಳನ್ನು ಗದರುವುದಿಲ್ಲ. ನಾನೇ ಪುನರುತ್ಥಾನ, ನಾನೇ ಜೀವ ಅನ್ನುವ ಅಷ್ಟು ದೊಡ್ಡ ಮಾತನ್ನು ಅವಳಿಗೇ ಹೇಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ತಾನೂ ಅಳುತ್ತಾನೆ.

ಅವರಿಗೆ ಕೊಟ್ಟ ಸಲಹೆ ಇದು. ಈ ವಾರ ಮೌನಕ್ಕೆ ಪ್ರಯತ್ನ ಮಾಡಬೇಡಿ. ಮಾರ್ಥಳ ಆ ಒಂದು ಮಾತನ್ನು ನಿಮ್ಮ ತಂದೆಯ ಹೆಸರು ಹಾಕಿ ದೇವರಿಗೆ ಹೇಳಿ. ‘ನೀನು ಇದ್ದಿದ್ದರೆ’ ಅಂತಲೂ ಹೇಳಬಹುದು, ‘ನಾನು ಇದ್ದಿದ್ದರೆ’ ಅಂತಲೂ ಹೇಳಬಹುದು. ಅಳು ಬಂದರೆ ತಡೆಯಬೇಡಿ. ಆಮೇಲೆ ನಿಧಾನಕ್ಕೆ ಸತ್ಯವೇದದ 139ನೇ ಕೀರ್ತನೆ ಓದಿ. ಆಕಾಶಕ್ಕೆ ಏರಿದರೂ, ಪಾತಾಳದಲ್ಲಿ ಮಲಗಿದರೂ ನೀನು ಅಲ್ಲಿದ್ದೀ ಅನ್ನುವ ಸಾಲುಗಳು ಬಂದಾಗ ಆ ಆಸ್ಪತ್ರೆಯ ಕೋಣೆಯನ್ನು ನೆನೆಯಿರಿ. ನೀವು ಇಲ್ಲದಿದ್ದ ಆ ಹೊತ್ತಿನಲ್ಲಿ ಅಲ್ಲಿ ಯಾರಿದ್ದರು?

ಈ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಕ್ರೈಸ್ತ ವಿಶ್ವಾಸದ ನೆಮ್ಮದಿಯೆಲ್ಲ ಇಲ್ಲೇ ಇದೆ ಅಂತ ನಾನು ನಂಬಿದ್ದೇನೆ. ನಾವು ಇಲ್ಲದ ಕಡೆಯೂ ದೇವರಿದ್ದಾನೆ ಅಂತ ಮನಸ್ಸು ಒಪ್ಪುವವರೆಗೆ ಎಷ್ಟು ರಜೆ ಹಾಕಿದರೂ ಒಳಗಿನ ಓಟ ನಿಲ್ಲುವುದಿಲ್ಲ. ‘ಸುಮ್ಮನಿರಿ, ನಾನೇ ದೇವರೆಂದು ತಿಳಿಯಿರಿ’ ಅನ್ನುವ 46ನೇ ಕೀರ್ತನೆಯನ್ನು ಪ್ರಶಾಂತ ಸರೋವರದ ಚಿತ್ರದ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಕೀರ್ತನೆಯ ಒಳಗೆ ನೋಡಿದರೆ ಬೆಟ್ಟಗಳು ಸಮುದ್ರದಲ್ಲಿ ಮುಳುಗುತ್ತಿವೆ, ನೀರು ಭೋರ್ಗರೆಯುತ್ತಿದೆ, ರಾಜ್ಯಗಳು ಕದಲುತ್ತಿವೆ. ಅಂಥ ಗಲಾಟೆಯ ನಡುವೆ ನಿಂತವರಿಗೆ ಹೇಳಿದ ಮಾತು ಅದು.

ಅವರು ಅತ್ತರು. ಮನೆಯಲ್ಲಿ, ಗಂಡನ ಎದುರಿಗೆ. ಇಷ್ಟು ವರ್ಷ ಇದನ್ನು ನನಗೆ ಯಾಕೆ ಹೇಳಲಿಲ್ಲ ಅಂತ ಗಂಡ ಕೇಳಿದರಂತೆ. ಮುಂದಿನ ಭೇಟಿಗೆ ಅವರೂ ಬಂದರು. ಅತ್ತೆಯ ರಾತ್ರಿಯ ಆರೈಕೆಯನ್ನು ಹಂಚಿಕೊಳ್ಳುವ ಮಾತು ಆಗಲೇ ಆಯಿತು. ಇದು ಮುಖ್ಯ. ಹೆಂಗಸೊಬ್ಬಳೇ ಇಡೀ ಮನೆಯನ್ನು ಹೊತ್ತಿರುವಾಗ ಅವಳಿಗೆ ಮೌನದ ಪಾಠ ಹೇಳುವುದು ನ್ಯಾಯವಲ್ಲ.

ದಿನದ ರೂಢಿಗಳನ್ನು ಹಿಡಿದದ್ದು ಇದಾದ ಮೇಲೆ. ಬಹಳ ಸಣ್ಣವು. ಫೋನ್ ಮಿನುಗಿದಾಗ ಎತ್ತುವ ಮೊದಲು ಒಂದು ಉಸಿರು. ಉಸಿರು ಎಳೆಯುವಾಗ ‘ಕರ್ತನೇ’, ಬಿಡುವಾಗ ‘ನೀನು ಅಲ್ಲಿದ್ದೀ’. ಚಿಕ್ಕ ಪ್ರಾರ್ಥನೆಯನ್ನು ಉಸಿರಿನ ಜೊತೆ ಸೇರಿಸುವುದು ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹಳೆಯ ಪದ್ಧತಿ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಬಗ್ಗೆಯೂ ಹೇಳಿದೆ. ಪಾತ್ರೆಗಳ ಸದ್ದಿನ ನಡುವೆಯೂ ದೇವರು ಜೊತೆಗಿದ್ದಾನೆ ಅಂತ ಬದುಕಿದವರು ಅವರು. ರಾತ್ರಿ ಮಲಗುವ ಮುಂಚೆ ಆ ದಿನ ಆಗದೆ ಉಳಿದ ಒಂದು ಕೆಲಸದ ಹೆಸರು ಹೇಳಿ, ‘ಇದು ನಿನ್ನ ಕೈಯಲ್ಲಿರಲಿ’ ಅಂತ ಬಿಟ್ಟು ಮಲಗುವುದು ಇನ್ನೊಂದು.

ಆಮೇಲೆ ಕಷ್ಟದ ಸಲಹೆ. ಸಭೆಯ ಜವಾಬ್ದಾರಿಗಳಲ್ಲಿ ಒಂದನ್ನು ಬಿಡಿ ಅಂದೆ. ಅವರು ಕ್ವಾಯರ್ ಬಿಟ್ಟರು. ಸಭಾಪಾಲಕರು ಅರ್ಥಮಾಡಿಕೊಂಡರು, ಕೆಲವರು ಬೇಸರ ಮಾಡಿಕೊಂಡರು. ಸೇವೆಯನ್ನು ಬಿಟ್ಟರೆ ದೇವರಿಗೆ ಬೇಸರವಾಗುತ್ತೆ ಅಂತ ಆಕೆಗೂ ಅನಿಸಿತು. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ತೋರಿಸಿದೆ. ಊಟಕ್ಕೂ ಸಮಯವಿಲ್ಲದ ಶಿಷ್ಯರಿಗೆ, ಏಕಾಂತಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಅಂದವನು ಯೇಸುವೇ. ಜನ ಅಲ್ಲಿಗೂ ಬಂದರು. ಆತ ಕನಿಕರಪಟ್ಟು ಅವರಿಗೆ ಬೋಧಿಸಿದ, ಊಟ ಕೊಟ್ಟ. ಸಂಜೆ ಜನರನ್ನು ಕಳಿಸಿಕೊಟ್ಟು ಬೆಟ್ಟ ಹತ್ತಿ ಪ್ರಾರ್ಥಿಸಿದ. ಅಂದುಕೊಂಡ ಬಿಡುವು ತಪ್ಪಿಹೋಯಿತು ಅಂತ ಆತ ಅದನ್ನು ಕೈಬಿಡಲಿಲ್ಲ. ಮಗುವಿಗೆ ಜ್ವರ ಬಂದ ವಾರ ನಿಮ್ಮ ರೂಢಿ ತಪ್ಪಿದರೆ ತಪ್ಪಲಿ, ಸಿಕ್ಕ ಸಂಜೆ ಮತ್ತೆ ಶುರು ಮಾಡಿ ಅಂದೆ.

ಈಗ ಹೇಗಿದ್ದಾರೆ? ಕೆಲಸ ಹೆಚ್ಚುಕಮ್ಮಿ ಅಷ್ಟೇ ಇದೆ. ಕೆಟ್ಟ ವಾರಗಳೂ ಬರುತ್ತವೆ. ಬೆಳಿಗ್ಗೆ ಸ್ವಲ್ಪ ಹೊತ್ತು ಕೂರಲು ಆಗುತ್ತಿದೆ. ಕೆಲಸಗಳ ಪಟ್ಟಿ ಈಗಲೂ ಓಡುತ್ತದೆ, ಆದರೆ ಅವರು ಎದ್ದು ಹೋಗುವುದಿಲ್ಲ. ತಂದೆಯ ನೆನಪು ಬಂದರೆ ಅದರ ಜೊತೆಗೇ ಕೂರುತ್ತಾರೆ. ಒಂದು ದಿನ ಅವರೇ ಯೋಹಾನ 12ನೇ ಅಧ್ಯಾಯ ತೆರೆದು ತೋರಿಸಿದರು. ಅವರ ಊರು ಬೇಥಾನ್ಯದಲ್ಲಿ ಯೇಸುವಿಗೆ ಊಟ ಮಾಡಿಸುತ್ತಿದ್ದಾರೆ, ಆತ ಸಾವಿನಿಂದ ಎಬ್ಬಿಸಿದ ಲಾಜರ ಪಂಕ್ತಿಯಲ್ಲಿದ್ದಾನೆ, ಮಾರ್ಥ ಉಪಚಾರ ಮಾಡುತ್ತಿದ್ದಾಳೆ. “ಇಲ್ಲಿ ಅವಳಿಗೆ ಯಾರೂ ಏನೂ ಅನ್ನಲ್ಲ, ನೋಡಿದ್ರಾ?” ಅಂದರು. ನಾನು ಆ ವಾಕ್ಯವನ್ನು ಅಷ್ಟು ಗಮನವಿಟ್ಟು ಓದಿರಲಿಲ್ಲ.

ಕ್ವಾಯರ್‌ಗೆ ವಾಪಸ್ ಬನ್ನಿ ಅಂತ ಈಗ ಕರೆಯುತ್ತಿದ್ದಾರಂತೆ. ಹೋಗಲಾ ಅಂತ ಕೇಳಿದ್ದಾರೆ. ಹಾಡುವ ಆಸೆ ಇದ್ದರೆ ಹೋಗಿ ಅಂದಿದ್ದೇನೆ. ಆದರೆ ಮೊದಲೇ ಒಂದು ಮಾತು ಹೇಳಿಬಿಡಿ: ಕೆಲವು ಭಾನುವಾರ ನಾನು ಬರುವುದಿಲ್ಲ. ಆ ಭಾನುವಾರಗಳಲ್ಲಿ ಮನಸ್ಸು ಹೇಗಿರುತ್ತೆ ಅನ್ನೋದನ್ನ ಮುಂದಿನ ಭೇಟಿಯಲ್ಲಿ ಮಾತಾಡೋಣ ಅಂದಿದ್ದೇನೆ.